ಬ್ಯಾಕಪ್ ಹಾರ್ಡ್ ಡಿಸ್ಕ್ ಕೈ ಕೊಟ್ಟಾಗ: ಫಾರ್ಮ್ಯಾಟ್ ಒತ್ತುವ ಮೊದಲು ಏನೇನು ನೋಡಬೇಕು

ಕಳೆದ ದಸರಾ ರಜೆಯಲ್ಲಿ ಮಂಡ್ಯದಿಂದ ಭಾವ ಫೋನ್ ಮಾಡಿದ್ದರು. ಅವರದು ಸಣ್ಣ ಫೋಟೊ ಸ್ಟುಡಿಯೋ.

“ಡಿಸ್ಕ್ ಹೋಯ್ತು ಕಣಪ್ಪ. ಎರಡು ವರ್ಷದ ಮದ್ವೆ ಫೋಟೊ ಎಲ್ಲ ಅದರೊಳಗೇ ಅವೆ.”

“ಲೈಟ್ ಬರ್ತಾ ಇದೆಯಾ ಭಾವ?”

“ಲೈಟ್ ಬತ್ತದೆ. ಕಾಪಿ ಹಾಕಿದ್ರೆ ಅರ್ಧಕ್ಕೇ ನಿಂತೋಯ್ತದೆ. ಈಗ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಾ ಅದೆ. ಒತ್ತಿಬುಡ್ಲಾ?”

“ಬೇಡಿ ಭಾವ. ಏನೂ ಒತ್ತಬೇಡಿ. ಪಿನ್ ತೆಗೆದು ಹಾಗೇ ಇಟ್ಟಿರಿ, ನಾಳೆ ಬರ್ತೀನಿ.”

ಮರುದಿನ ಬೆಳಿಗ್ಗೆ ಮೈಸೂರಿನಲ್ಲಿ ರೈಲು ಹತ್ತಿದೆ. ಹೋಗಿ ನೋಡಿದರೆ ಡಿಸ್ಕ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಡಿಸ್ಕ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಸಿಕ್ಕಿಸಿದ್ದ, ಒಂದು ಪೋರ್ಟನ್ನು ಹಲವು ಮಾಡಿಕೊಡುವ ಟೈಪ್-ಸಿ ಹಬ್‌ನಲ್ಲಿ. ಅವರು ಆ ಬಟನ್ ಒತ್ತಿದ್ದಿದ್ದರೆ, ಚೆನ್ನಾಗಿದ್ದ ಡಿಸ್ಕನ್ನು ನಮ್ಮ ಕೈಯಾರೆ ಖಾಲಿ ಮಾಡಿದ ಹಾಗೆ ಆಗುತ್ತಿತ್ತು.

ಡಿಸ್ಕ್ ಕಾಣದಿದ್ದರೆ ನಮ್ಮಲ್ಲಿ ಬಾಯಿಗೆ ಬರುವ ಮೊದಲ ಮಾತೇ ‘ಡಿಸ್ಕ್ ಹೋಯ್ತು’ ಅಂತ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ಹೋಗಿರುವುದು ಕೇಬಲ್, ಅಡಾಪ್ಟರ್, ಇಲ್ಲವೇ ಕರೆಂಟು. ಹಾಗಾಗಿ ಪೈಸೆ ಖರ್ಚಿಲ್ಲದೆ ಆಗುವ ಪರೀಕ್ಷೆಯಿಂದ ಶುರು ಮಾಡಿ ಮುಂದಕ್ಕೆ ಹೋಗೋಣ. ನಿಮ್ಮ ಡಿಸ್ಕ್ ಏನು ಮಾಡುತ್ತಿದೆಯೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಈಗಲೇ ಡಿಸ್ಕ್ ಆಫ್ ಮಾಡಿ, ಆ ಭಾಗವನ್ನು ಮೊದಲು ಓದಿ.

ಕೈ ಹಾಕುವ ಮೊದಲು

ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಇರುವುದು ಬೇರೆ ಎಲ್ಲಾದರೂ ಇದೆಯಾ? ಇದ್ದರೆ ಧೈರ್ಯವಾಗಿ ಏನು ಬೇಕಾದರೂ ಪ್ರಯೋಗ ಮಾಡಿ. ಇಲ್ಲದಿದ್ದರೆ, ಆ ಡಿಸ್ಕ್ ಮೇಲೆ ಒಂದಕ್ಷರವನ್ನೂ ಹೊಸದಾಗಿ ಬರೆಯಬಾರದು. ಫಾರ್ಮ್ಯಾಟ್ ಬೇಡ, ಇನಿಶಿಯಲೈಸ್ (ಹೊಸ ಡಿಸ್ಕಿನಂತೆ ಮೊದಲಿಂದ ಸಿದ್ಧ ಮಾಡುವುದು) ಬೇಡ, ಚೆಕ್ ಡಿಸ್ಕ್ (ವಿಂಡೋಸಿನ ರಿಪೇರಿ ಸಾಧನ) ಬೇಡ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ.

ಇನ್ನೊಂದು, ‘ಅಡಾಪ್ಟರ್’ ಅಂತ ನಾವು ಮೂರು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ. ಟೈಪ್-ಸಿ ಪೋರ್ಟನ್ನು ಹಳೆಯ ಚೌಕ ಯುಎಸ್‌ಬಿಗೆ ಬದಲಿಸುವ ಪುಟ್ಟ ಕನ್ವರ್ಟರ್ ಅಥವಾ ಹಬ್ ಒಂದು. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಡಿಸ್ಕನ್ನು ಯುಎಸ್‌ಬಿಗೆ ಹಾಕಲು ಬಳಸುವ ಸಾಟಾ ಕನ್ವರ್ಟರ್ ಇನ್ನೊಂದು. ದೊಡ್ಡ ಡಿಸ್ಕ್‌ಗೆ ಗೋಡೆಯಿಂದ ಕರೆಂಟ್ ಕೊಡುವ 12 ವೋಲ್ಟ್ ಪವರ್ ಅಡಾಪ್ಟರ್ ಮೂರನೆಯದು. ನಿಮ್ಮ ಹತ್ತಿರ ಯಾವುದಿದೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಅಂಗಡಿಯಲ್ಲಿ ಕೇಳುವಾಗಲೂ ಬರೀ ‘ಅಡಾಪ್ಟರ್ ಕೊಡಿ’ ಎಂದರೆ ತಪ್ಪು ವಸ್ತು ಕೈಗೆ ಬರುತ್ತದೆ.

‘ಲೈಟೇ ಬರ್ತಿಲ್ಲ, ಸದ್ದೂ ಇಲ್ಲ’

ಇದು ಹೆದರುವಂತೆ ಕಾಣುತ್ತದೆ, ಆದರೆ ಹಲವು ಸಲ ಇದೇ ಅತಿ ಸುಲಭದ ದೋಷ. ಡಿಸ್ಕ್‌ಗೆ ಕರೆಂಟ್ ತಲುಪುತ್ತಿಲ್ಲ, ಅಷ್ಟೇ.

ಮೊದಲು ಆ ಪೋರ್ಟ್‌ಗೆ ಒಂದು ಪೆನ್ ಡ್ರೈವ್ ಹಾಕಿ ನೋಡಿ. ಅದೂ ಬರದಿದ್ದರೆ ಪೋರ್ಟ್ ಅಥವಾ ಹಬ್ ತಪ್ಪು. ಪೆನ್ ಡ್ರೈವ್ ಬಂದರೆ ಕೇಬಲ್ ಬದಲಿಸಿ. ಇಲ್ಲಿ ಒಂದು ಮಾತು: ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ. ಅಂಥದ್ದನ್ನು ಹಾಕಿದರೆ ಲೈಟ್ ಬರುತ್ತದೆ, ಡಿಸ್ಕ್ ಮಾತ್ರ ಎಂದಿಗೂ ಕಾಣುವುದಿಲ್ಲ.

ಜೇಬಿನಲ್ಲಿ ಹಿಡಿಯುವ ಚಿಕ್ಕ ಡಿಸ್ಕ್‌ಗಳಲ್ಲಿ ಅಗಲವಾದ, ಚಪ್ಪಟೆ ಪಿನ್ ಇರುವುದು ನೋಡಿರುತ್ತೀರಿ. ಒಂದೇ ಪಿನ್ನಿನಲ್ಲಿ ಎರಡು ಭಾಗ, ನಡುವೆ ಸಣ್ಣ ಕಚ್ಚು. ಮೊಬೈಲಿನ ಟಾರ್ಚ್ ಹಾಕಿ ಡಿಸ್ಕಿನ ಬಾಯೊಳಗೆ ನೋಡಿ. ಒಳಗಿನ ಚಪ್ಪಟೆ ನಾಲಿಗೆ ನೇರವಾಗಿ ಕೂತಿದೆಯಾ, ಒಂದು ಕಡೆಗೆ ವಾಲಿದೆಯಾ? ಡಿಸ್ಕನ್ನು ಬ್ಯಾಗಿನಲ್ಲಿ ಕೇಬಲ್ ಸಮೇತ ತುರುಕಿ ಓಡಾಡಿದರೆ ಅದು ವಾಲುತ್ತದೆ. ಧೂಳು ಇದ್ದರೆ ಒಣ ಬ್ರಶ್ಶಿನಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಕೂರುತ್ತದೆ.

ಈಗ ಡಿಸ್ಕ್ ಎಂಥದ್ದು ಎಂದು ನೋಡಿ. ಲ್ಯಾಪ್‌ಟಾಪಿನೊಳಗೆ ಇರುವಂಥ 2.5 ಇಂಚಿನ ಡಿಸ್ಕ್ ಬರೀ 5 ವೋಲ್ಟ್‌ನಲ್ಲಿ ಓಡುತ್ತದೆ, ಯುಎಸ್‌ಬಿ ಕರೆಂಟೇ ಸಾಕು. ಡೆಸ್ಕ್‌ಟಾಪ್ ಕಂಪ್ಯೂಟರಿನ 3.5 ಇಂಚಿನ ಡಿಸ್ಕ್‌ಗೆ ಮೋಟಾರು ತಿರುಗಿಸಲು 12 ವೋಲ್ಟ್ ಬೇಕು. ಅದನ್ನು ಪವರ್ ಅಡಾಪ್ಟರ್ ಇಲ್ಲದ ಸಾಟಾ ಕನ್ವರ್ಟರ್‌ಗೆ ಹಾಕಿ, ತಿರುಗುತ್ತಿಲ್ಲ, ಸತ್ತಿದೆ ಎಂದುಕೊಂಡವರನ್ನು ನಾನೇ ಕಂಡಿದ್ದೇನೆ.

ಇಲ್ಲಿ ದಯವಿಟ್ಟು ಎಚ್ಚರ. 12 ವೋಲ್ಟ್ ಅಡಾಪ್ಟರ್ ಕಳೆದುಹೋಗಿದೆ ಅಂತ ಮನೆಯಲ್ಲಿ ಬಿದ್ದಿರುವ ಯಾವುದೋ ಚಾರ್ಜರ್ ಹಾಕಬೇಡಿ. ಲ್ಯಾಪ್‌ಟಾಪ್ ಚಾರ್ಜರಿನ ದುಂಡು ಪಿನ್ ಕೆಲವೊಮ್ಮೆ ಡಿಸ್ಕಿನ ತೂತಿಗೂ ಹೊಂದಿಕೊಂಡುಬಿಡುತ್ತದೆ, ಆದರೆ ಅದು ಕೊಡುವುದು 19 ವೋಲ್ಟ್. ಒಂದು ಕ್ಷಣದಲ್ಲಿ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ. ಅಡಾಪ್ಟರ್ ಮೇಲಿನ ಚೀಟಿಯಲ್ಲಿ ‘ಔಟ್‌ಪುಟ್’ ಎಂಬ ಸಾಲು ಓದಿ. ವೋಲ್ಟ್ ಸರಿಸಮ ಇರಬೇಕು. ಆಂಪಿಯರ್ ಹಳೆಯದರಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಸಣ್ಣ ಚಿತ್ರವೂ ಹೊಂದಬೇಕು. ಸುಟ್ಟ ವಾಸನೆ ಬಂದಿದ್ದರೆ ಮತ್ತೊಮ್ಮೆ ಹಾಕಿ ನೋಡುವುದು ಬೇಡ, ಅಲ್ಲಿಗೇ ನಿಲ್ಲಿಸಿ.

‘ಲೈಟ್ ಬರುತ್ತೆ, ಆದರೆ ಕಂಪ್ಯೂಟರಲ್ಲಿ ಕಾಣ್ತಿಲ್ಲ’

ಡಿಸ್ಕ್ ಮೇಲೆ ಬೆರಳಿಟ್ಟು ನೋಡಿ. ತಿರುಗುವ ಡಿಸ್ಕ್ ಆದರೆ ಸಣ್ಣ ನಡುಕ ಬೆರಳಿಗೆ ಗೊತ್ತಾಗುತ್ತದೆ. ನಡುಕ ಶುರುವಾಗಿ, ನಿಂತು, ಮತ್ತೆ ಶುರುವಾಗುತ್ತಿದ್ದರೆ ಅದಕ್ಕೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡಿನಲ್ಲೇ ಡಿಸ್ಕ್ ಜಾಸ್ತಿ ಕರೆಂಟ್ ಎಳೆಯುವುದು, ಹತ್ತಿರ ಹತ್ತಿರ 1 ಆಂಪಿಯರ್. ಹಳೆಯ ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ಚಾರ್ಜರ್ ಇಲ್ಲದ ಹಬ್‌ನಲ್ಲಿ ಅಷ್ಟನ್ನೇ ಮೌಸು, ಕೀಬೋರ್ಡು, ಪೆನ್ ಡ್ರೈವು ಎಲ್ಲವೂ ಹಂಚಿಕೊಳ್ಳಬೇಕು. ಹಬ್ ಬಿಟ್ಟು ಡಿಸ್ಕನ್ನು ಲ್ಯಾಪ್‌ಟಾಪಿಗೇ ನೇರವಾಗಿ ಹಾಕಿ. ಉದ್ದದ ಕೇಬಲ್ ಬದಲು ಗಿಡ್ಡದು ಹಾಕಿ. ತೆಳ್ಳನೆಯ ಉದ್ದ ಕೇಬಲ್ಲಿನಲ್ಲಿ ಡಿಸ್ಕ್ ತಲುಪುವ ಹೊತ್ತಿಗೆ ವೋಲ್ಟೇಜ್ ಇಳಿದಿರುತ್ತದೆ.

ನಡುಕ ಒಂದೇ ಸಮ ಇದ್ದೂ ಕಾಣದಿದ್ದರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆಗೆಯಿರಿ. ತೆಗೆದ ಕೂಡಲೇ ‘ಇನಿಶಿಯಲೈಸ್ ಮಾಡಲೇ?’ ಎಂಬ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ. ಇಲ್ಲಿ ನಾವು ಬರೀ ನೋಡಲು ಬಂದಿದ್ದೇವೆ.

ಡಿಸ್ಕ್ ಇದೆ, ಗಾತ್ರ ಸರಿ ಇದೆ, ಹೆಸರಿನ ಜೊತೆ ಇರಬೇಕಾದ E:, F: ಥರದ ಅಕ್ಷರ ಮಾತ್ರ ಇಲ್ಲ ಎಂದರೆ ಅದು ಸಿಹಿ ಸುದ್ದಿ. ಆ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಒಂದು ಡ್ರೈವ್ ಲೆಟರ್ ಕೊಟ್ಟರೆ ತೆರೆದುಕೊಳ್ಳುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸಿದರೆ ಅದು ದೋಷವಲ್ಲ, ಲೆಕ್ಕ ಹಾಕುವ ಬಗೆ ಬೇರೆ, ಅಷ್ಟೇ. ಆದರೆ 3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸಿದರೆ ನಿಮ್ಮ ಸಾಟಾ ಕನ್ವರ್ಟರ್ ಹಳೆಯದು, 2 ಟಿಬಿ ದಾಟಿದ್ದನ್ನು ಅದಕ್ಕೆ ಎಣಿಸಲು ಬರುವುದಿಲ್ಲ. ಕನ್ವರ್ಟರ್ ಬದಲಿಸಿ, ಡಿಸ್ಕ್ ಮುಟ್ಟಬೇಡಿ. ‘ನೋ ಮೀಡಿಯಾ’ ಎಂದೋ ಗಾತ್ರ ಸೊನ್ನೆ ಎಂದೋ ಬಂದರೆ, ಕನ್ವರ್ಟರ್ ಮಾತಾಡುತ್ತಿದೆ, ಅದರ ಹಿಂದಿನ ಡಿಸ್ಕ್ ಉತ್ತರ ಕೊಡುತ್ತಿಲ್ಲ ಎಂದರ್ಥ. ಎಲ್ಲ ಆಫ್ ಮಾಡಿ, ಡಿಸ್ಕನ್ನು ಕನ್ವರ್ಟರಿನಿಂದ ಬಿಡಿಸಿ ಸರಿಯಾಗಿ ಕೂರಿಸಿ. ಆಗಲೂ ಹಾಗೇ ಬಂದರೆ ಬೇರೆ ಕನ್ವರ್ಟರಿನಲ್ಲಿ ನೋಡಿ. ಎರಡರಲ್ಲೂ ಸೊನ್ನೆ ಎಂದರೆ ಡಿಸ್ಕ್‌ಗೇ ಪೆಟ್ಟಾಗಿದೆ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೂ ಸುಳಿವೇ ಇಲ್ಲದಿದ್ದರೆ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಪಕ್ಕದ ಮನೆಯವರದ್ದಾದರೂ ಸರಿ, ಎರಡು ನಿಮಿಷದ ಕೆಲಸ. ಅಲ್ಲಿ ಕಂಡರೆ ನಿಮ್ಮ ಚಿಂತೆ ಅರ್ಧ ಇಳಿಯಿತು.

‘ಕಾಪಿ ಆಗ್ತಾ ಆಗ್ತಾ ಅರ್ಧಕ್ಕೆ ಕಟ್ ಆಗುತ್ತೆ’

ಭಾವನ ಡಿಸ್ಕಿನ ತೊಂದರೆ ಇದೇ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತರೆ ‘ಕೇಬಲ್ ಸರಿ ಇದೆ, ಡಿಸ್ಕೇ ಹಾಳು’ ಎಂದು ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಅವರ ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್-ಸಿ ಪೋರ್ಟು, ಒಂದು ಚೌಕ ಯುಎಸ್‌ಬಿ. ಚೌಕದಲ್ಲಿ ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಕೂತಿತ್ತು. ಟೈಪ್-ಸಿಗೆ ಹಬ್, ಆ ಹಬ್‌ಗೆ ಡಿಸ್ಕು, ಕಾರ್ಡ್ ರೀಡರು, ಜೊತೆಗೆ ಲ್ಯಾಪ್‌ಟಾಪಿನ ಚಾರ್ಜರೂ ಅದೇ ಹಬ್ ಮೂಲಕ. ನೋಡಲು ಅಚ್ಚುಕಟ್ಟು, ಒಂದೇ ವೈರು. ನಾವು ಕಾಪಿ ಹಾಕಿ ಕಾಫಿ ಕುಡಿಯುತ್ತಾ ಕೂತೆವು. ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಧಾನವಾಗುವ ಮೊದಲೇ ಡಿಸ್ಕಿನ ನೀಲಿ ಲೈಟ್ ಒಮ್ಮೆ ಆರಿ ಮತ್ತೆ ಹತ್ತಿತು. ಪರದೆ ಮೇಲೆ ಕಾಪಿ ನಿಂತಿತು.

“ಕರೆಂಟಿಗೂ ಇದಕ್ಕೂ ಏನು ಸಂಬಂಧ? ಲ್ಯಾಪ್‌ಟಾಪು ಬ್ಯಾಟ್ರೀಲಿ ಓಡ್ತಾನೇ ಅದೆ!” ಎಂದರು ಭಾವ.

ಸಂಬಂಧ ಇದೆ. ಚಾರ್ಜರ್ ಹಬ್ ಮೂಲಕ ಹೋಗುತ್ತಿದ್ದಾಗ ಕರೆಂಟ್ ಹೋದರೆ, ಯಾರು ಯಾರಿಗೆ ಕರೆಂಟ್ ಕೊಡಬೇಕು ಎಂದು ಹಬ್ ಮತ್ತು ಲ್ಯಾಪ್‌ಟಾಪ್ ಹೊಸದಾಗಿ ಮಾತಾಡಿಕೊಳ್ಳಬೇಕು. ಅನೇಕ ಹಬ್‌ಗಳು ಆ ಹೊತ್ತಿನಲ್ಲಿ ತಮಗೆ ಸಿಕ್ಕಿಸಿದ್ದನ್ನೆಲ್ಲ ಒಂದು ಕ್ಷಣ ಕಳಚಿ ಮತ್ತೆ ಜೋಡಿಸುತ್ತವೆ. ಮೌಸಿಗೆ ಅದು ಗೊತ್ತೇ ಆಗುವುದಿಲ್ಲ. ಬರೆಯುತ್ತಿರುವ ಡಿಸ್ಕ್‌ಗೆ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೆ. ಹೀಗೆ ಹತ್ತಾರು ಸಲ ಆದ ಮೇಲೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಚಾರ್ಜರನ್ನು ಲ್ಯಾಪ್‌ಟಾಪಿನ ಇನ್ನೊಂದು ಟೈಪ್-ಸಿಗೆ ಹಾಕಿದೆವು. ಮೌಸಿನ ರಿಸೀವರನ್ನು ಹಬ್‌ಗೆ ಕಳಿಸಿ ಡಿಸ್ಕನ್ನು ಚೌಕ ಪೋರ್ಟಿಗೆ ನೇರ ಹಾಕಿದೆವು. ಡಿಸ್ಕ್ ಏನೂ ಕೇಳದೆ ತೆರೆದುಕೊಂಡಿತು. ಮಧ್ಯಾಹ್ನ ಇನ್ನೊಂದು ಸಲ ಕರೆಂಟ್ ಹೋದಾಗ ಭಾವ ಫ್ಯಾನ್ ನೋಡಲಿಲ್ಲ, ಆ ನೀಲಿ ಲೈಟನ್ನೇ ನೋಡುತ್ತಿದ್ದರು. ಆರಲಿಲ್ಲ.

ನಿಮ್ಮಲ್ಲೂ ಹೀಗೇ ಆಗುತ್ತಿದ್ದರೆ ಕಟ್ ಆದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆಗೆದು, ‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಮ್’ನಲ್ಲಿ ಅದೇ ಸಮಯದ ಸಾಲು ಹುಡುಕಿ. ‘ಡಿಸ್ಕ್’ ಎಂಬ ಹೆಸರಿನ ಮುಂದೆ 157 ಎಂಬ ಅಂಕಿ ಇದ್ದರೆ, ಡಿಸ್ಕ್ ಇದ್ದಕ್ಕಿದ್ದಂತೆ ಕಳಚಿಕೊಂಡಿತು ಎಂದರ್ಥ. ಅನುಮಾನ ಕೇಬಲ್, ಹಬ್, ಕರೆಂಟ್ ಮೇಲೆ. ಅಂಕಿ 7 ಇದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗ ಸಿಕ್ಕಿತು ಎಂದರ್ಥ, ಅನುಮಾನ ಡಿಸ್ಕ್ ಮೇಲೆಯೇ. ಈ ಎರಡು ಅಂಕಿ ಗೊತ್ತಿದ್ದರೆ ಎಷ್ಟೋ ಊಹೆಗಳು ತಪ್ಪುತ್ತವೆ.

ಕರೆಂಟ್ ಹೋಗದೆಯೂ ಕಟ್ ಆಗುತ್ತಿದ್ದರೆ, ಡಿಸ್ಕ್ ಅಲುಗದ ಹಾಗೆ ಮೇಜಿನ ಮೇಲಿಟ್ಟು ಪಿನ್ನಿನ ಹತ್ತಿರ ಕೇಬಲ್ಲನ್ನು ಮಾತ್ರ ಸ್ವಲ್ಪ ಅಲುಗಿಸಿ. ಕಾಪಿ ನಡೆಯುವಾಗ ಈ ಪರೀಕ್ಷೆ ಮಾಡಬೇಡಿ. ಲೈಟ್ ಮಿಣುಕಿದರೆ ಕೇಬಲ್ ಲೂಸ್. ಸುಮ್ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಣೆಯಾಗುತ್ತಿದ್ದರೆ, ಲ್ಯಾಪ್‌ಟಾಪ್ ಕರೆಂಟ್ ಉಳಿಸಲು ಪೋರ್ಟನ್ನು ಮಲಗಿಸುತ್ತಿರಬಹುದು. ‘ಪವರ್ ಆಪ್ಷನ್ಸ್’ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಆಫ್ ಮಾಡಿ ನೋಡಿ. ಸಾಟಾ ಕನ್ವರ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅದು ಸುಸ್ತಾಗಿ ಕೈಬಿಡುತ್ತಿದೆ. ಹಾಸಿಗೆ, ದಿಂಬಿನ ಮೇಲಿಟ್ಟು ಕಾಪಿ ಮಾಡಬೇಡಿ.

12 ವೋಲ್ಟ್ ಅಡಾಪ್ಟರ್ ಇರುವ ದೊಡ್ಡ ಡಿಸ್ಕ್ ಇಟ್ಟುಕೊಂಡವರಿಗೆ ಇನ್ನೂ ಒಂದು ಮಾತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ಡಿಸ್ಕ್ ಮಾತ್ರ ಸಾಯುತ್ತದೆ. ಅದರ ಅಡಾಪ್ಟರನ್ನು ಇನ್ವರ್ಟರ್ ಲೈನಿರುವ ಪ್ಲಗ್ಗಿಗೆ ಹಾಕಿ. ಹಲವು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಬದಲಾವಣೆ ಬೇಗ ಆಗುತ್ತದೆ, ಡಿಸ್ಕ್‌ಗೆ ಅದೇ ಒಳ್ಳೆಯದು.

‘ಫಾರ್ಮ್ಯಾಟ್ ಮಾಡಿದರೆ ಮಾತ್ರ ತೆರೆಯುತ್ತೆ ಅನ್ನುತ್ತೆ’

ಆ ಸಂದೇಶ ಹೇಳುತ್ತಿರುವುದು ಇಷ್ಟೇ: ‘ಇದರಲ್ಲಿ ಏನು ಬರೆದಿದೆಯೋ ನನಗೆ ಓದಲು ಬರುತ್ತಿಲ್ಲ.’ ಪುಸ್ತಕ ಖಾಲಿ ಇದೆ ಎಂದಲ್ಲ. ಕನ್ನಡ ಬಾರದವರ ಕೈಗೆ ಕನ್ನಡ ಪುಸ್ತಕ ಕೊಟ್ಟ ಹಾಗೆ. ಕ್ಯಾನ್ಸಲ್ ಒತ್ತಿ, ಡಿಸ್ಕ್ ತೆಗೆದು, ಕೇಬಲ್ ಮತ್ತು ಪೋರ್ಟ್ ಬದಲಿಸಿ ಇನ್ನೊಮ್ಮೆ ಹಾಕಿ.

ಆಗಲೂ ಅದೇ ಬಂದರೆ, ಈ ಡಿಸ್ಕ್ ಮೊದಲು ಎಲ್ಲಿ ಬಳಕೆಯಲ್ಲಿತ್ತು ಎಂದು ನೆನಪು ಮಾಡಿಕೊಳ್ಳಿ. ಮ್ಯಾಕ್‌ಬುಕ್‌ನಲ್ಲಿ ತಯಾರಾದ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಲಿನಕ್ಸ್‌ದೂ ಹಾಗೇ. ಅದೇ ಬಗೆಯ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಇರುತ್ತದೆ. ವಿಂಡೋಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ‘ಕಾಪಿ ಮಾಡಲು ಬಿಡ್ತಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಇಷ್ಟೇ ಕಾರಣ. 48 ಅಂಕಿಯ ಕೀ ಕೇಳಿದರೆ ಅದು ಬಿಟ್‌ಲಾಕರ್, ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೋ, ಅವತ್ತು ಉಳಿಸಿಟ್ಟ ಕಡತದಲ್ಲೋ ಇರುತ್ತದೆ. ಅದಿಲ್ಲದೆ ತೆರೆದುಕೊಡುತ್ತೇನೆ ಎನ್ನುವವರನ್ನು ನಂಬಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಂಪನಿಯಿಂದ ಡಬ್ಬಿ ಸಮೇತ ಬಂದ ಡಿಸ್ಕಿನ ಪಿನ್ ಮುರಿದರೆ, ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ಸಾಟಾ ಕನ್ವರ್ಟರಿಗೆ ಹಾಕುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಕೆಲವು ಡಬ್ಬಿಗಳ ಬೋರ್ಡೇ ಡೇಟಾವನ್ನು ಗುಟ್ಟಿನ ಲಿಪಿಗೆ ಬದಲಿಸಿ ಬರೆದಿರುತ್ತದೆ. ಇನ್ನು ಕೆಲವು, ಡಿಸ್ಕಿನ ಜಾಗವನ್ನು ಬೇರೆ ಅಳತೆಯಲ್ಲಿ ತುಂಡು ಮಾಡಿ ಕಂಪ್ಯೂಟರಿಗೆ ತೋರಿಸುತ್ತವೆ. ಅಂಥ ಡಿಸ್ಕ್ ಬೇರೆ ಕನ್ವರ್ಟರಿನಲ್ಲಿ ಖಾಲಿಯಂತೆಯೋ ಕೆಟ್ಟಂತೆಯೋ ಕಾಣುತ್ತದೆ. ಹಳೆಯ ಬೋರ್ಡಿಗೆ ಮರಳಿ ಹಾಕಿದರೆ ಎಲ್ಲ ಇರುತ್ತದೆ. ಹಾಗಾಗಿ ಆ ಬೋರ್ಡನ್ನು ಎಸೆಯಬೇಡಿ. ಎಷ್ಟೋ ಚಿಕ್ಕ ಡಿಸ್ಕ್‌ಗಳಲ್ಲಿ ಒಳಗೆ ಸಾಟಾ ಪಿನ್ ಇರುವುದೇ ಇಲ್ಲ, ಯುಎಸ್‌ಬಿ ಬಾಯಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿದರೂ ಪ್ರಯೋಜನವಿಲ್ಲ. ಅಂಥ ಕಡೆ ಬಾಯಿಯನ್ನು ಹೊಸದಾಗಿ ಬೆಸುಗೆ ಹಾಕಿಸಬೇಕು. ಮೊಬೈಲ್ ಬೋರ್ಡ್ ಕೆಲಸ ಚೆನ್ನಾಗಿ ಗೊತ್ತಿರುವವರು ಮಾಡಬಲ್ಲರು.

‘ತುಂಬಾ ನಿಧಾನ’

ವೇಗ ನೋಡಿ. ಸೆಕೆಂಡಿಗೆ 30ರಿಂದ 40 ಎಂಬಿಗೆ ಬಂದು ನಿಂತುಬಿಟ್ಟಿದ್ದರೆ ಡಿಸ್ಕ್ ಯುಎಸ್‌ಬಿ 2 ದಾರಿಯಲ್ಲಿ ಓಡುತ್ತಿದೆ. ಸರಿಯಾದ ದಾರಿ ಸಿಕ್ಕರೆ ಚಿಕ್ಕ ತಿರುಗುವ ಡಿಸ್ಕ್ ದೊಡ್ಡ ಕಡತಗಳಲ್ಲಿ 100 ಮುಟ್ಟುತ್ತದೆ. ಕಾರಣ ಬಹುಪಾಲು ಕೇಬಲ್ಲೇ. ಮೊಬೈಲ್ ಚಾರ್ಜಿಂಗಿನ ಟೈಪ್-ಸಿ ಕೇಬಲ್‌ಗಳು ಸಾಮಾನ್ಯವಾಗಿ ಯುಎಸ್‌ಬಿ 2ರವೇ. ಅಗಲದ ಪಿನ್ ಇರುವ ಡಿಸ್ಕಿನ ಅರ್ಧ ಬಾಯಿಗೆ ಹಳೆಯ ಮೊಬೈಲ್ ಕೇಬಲ್ ಹಾಕಿದರೂ ಕೆಲಸ ಮಾಡುತ್ತದೆ, ಆದರೆ ಹೀಗೇ ನಿಧಾನ. ಕೇಬಲ್ ಸರಿ ಇದ್ದೂ ನಿಧಾನವಾದರೆ ಒಮ್ಮೆ ಕಿತ್ತು ಬೇಗನೆ, ಪೂರ್ತಿ ಒಳಗೆ ಹೋಗುವ ಹಾಗೆ ಹಾಕಿ. ಮೆಲ್ಲಗೆ ಹಾಕಿದರೆ ಹಳೆಯ ನಾಲ್ಕು ಪಿನ್ನು ಮೊದಲು ತಾಗಿ ಅದರಲ್ಲೇ ಉಳಿದುಬಿಡುವುದುಂಟು.

ಸಾವಿರಾರು ಸಣ್ಣ ಫೋಟೊಗಳು ನಿಧಾನವಾಗಿಯೇ ಹೋಗುತ್ತವೆ, ಅದಕ್ಕೆ ಚಿಂತೆ ಬೇಡ. ಆದರೆ ನಿನ್ನೆವರೆಗೆ ಚೆನ್ನಾಗಿದ್ದ ಡಿಸ್ಕ್ ಇವತ್ತು ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಂಡರೆ, ಕೆಲವು ಕಡತಗಳಲ್ಲಿ ಸಿಕ್ಕಿಕೊಂಡು ಸೊನ್ನೆಗೆ ಇಳಿಯುತ್ತಿದ್ದರೆ, ಅದು ಡಿಸ್ಕಿನದೇ ನೋವು. ಆಗ ಅದರ ಆರೋಗ್ಯ ನೋಡಬೇಕು. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ನಾಲ್ಕು ಸಾಲು ನೋಡಿ. 05 ಎಂಬುದು ಕೆಟ್ಟು ಬದಲಾಯಿಸಿದ ಜಾಗಗಳ ಲೆಕ್ಕ. ಸಿ5 ಓದಲಾಗದೆ ಕಾದಿರುವ ಜಾಗಗಳು. ಸಿ6 ಸರಿಯಾಗದವು. ಈ ಮೂರರಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಇವತ್ತೇ ಕಾಪಿ ತೆಗೆಯಿರಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ಡಿಸ್ಕಿಗೂ ಕನ್ವರ್ಟರಿಗೂ ನಡುವಿನ ಸಾಟಾ ಸಂಪರ್ಕದ್ದು. ಕೆಲವು ಕನ್ವರ್ಟರುಗಳು ಈ ಲೆಕ್ಕ ತೋರಿಸಲು ಬಿಡುವುದಿಲ್ಲ, ಆಗ ಬೇರೆಯದರಲ್ಲಿ ನೋಡಿ.

‘ಡಿಸ್ಕ್ ಹಾಕಿದರೆ ವೈ-ಫೈ ಹೋಗುತ್ತೆ, ಮೌಸ್ ತಡವರಿಸುತ್ತೆ’

ಇದು ಡಿಸ್ಕಿನ ರೋಗವೇ ಅಲ್ಲ. ಯುಎಸ್‌ಬಿ 3 ಓಡುವಾಗ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತ ಬೀಳುತ್ತದೆ. ವೈರ್‌ಲೆಸ್ ಮೌಸೂ ಹಳೆಯ ವೈ-ಫೈಯೂ ಮಾತಾಡುವುದು ಅಲ್ಲೇ. ಮೌಸಿನ ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ, ಡಿಸ್ಕನ್ನು ಸ್ವಲ್ಪ ದೂರ ಇಡಿ, ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

‘ಮುಟ್ಟಿದರೆ ಜುಮ್ ಅನ್ನುತ್ತೆ’

ಲೋಹದ ಮೈಯ ಡಿಸ್ಕ್ ಮೇಲೆ ಬೆರಳಾಡಿಸಿದರೆ ಸಣ್ಣಗೆ ಜುಮ್ ಎನ್ನುವುದು ಹಲವು ಕಡೆ ಲ್ಯಾಪ್‌ಟಾಪ್ ಚಾರ್ಜರಿಗೆ ಅರ್ಥ್ ಸಿಗದಿದ್ದಾಗ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರಿಗೆ ಹಾಕಿದ್ದೀರಾ ನೋಡಿ. ಸರಿಯಾದ ಮೂರು ಪಿನ್ ಪ್ಲಗ್ಗಿಗೆ ಹಾಕಿದ ಮೇಲೂ ಜುಮ್ ಎಂದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಜುಮ್ ಅನ್ನದೆ ನೇರ ಶಾಕ್ ಹೊಡೆದರೆ ಡಿಸ್ಕನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಮತ್ತೆ ಮುಟ್ಟಬೇಡಿ. ಗೋಡೆಯ ಸ್ವಿಚ್ ಆಫ್ ಮಾಡಿ.

‘ಟಕ್ ಟಕ್ ಅಂತ ಸದ್ದು’

ಇಲ್ಲಿ ನಿಧಾನಿಸಿ ಓದಿ.

ಕರೆಂಟ್ ಸಾಲದಿದ್ದರೂ ಡಿಸ್ಕ್ ಟಿಕ್ ಟಿಕ್ ಎನ್ನುವುದುಂಟು. ಹಾಗಾಗಿ ಒಂದೇ ಒಂದು ಸಲ, ಗಿಡ್ಡ ಕೇಬಲ್ಲಿನಲ್ಲಿ, ಹಬ್ ಇಲ್ಲದೆ, ಲ್ಯಾಪ್‌ಟಾಪಿಗೆ ನೇರ ಹಾಕಿ ಹತ್ತು ಸೆಕೆಂಡ್ ಕೇಳಿ. ಸದ್ದು ನಿಂತರೆ ಸರಿ. ಒಂದೇ ತಾಳದಲ್ಲಿ ‘ಟಕ್... ಟಕ್... ಟಕ್’ ಎನ್ನುತ್ತಲೇ ಇದ್ದರೆ ಅಥವಾ ಕೆರೆಯುವ ಸದ್ದಿದ್ದರೆ ತೆಗೆದುಬಿಡಿ. ಡಿಸ್ಕ್ ಕೈ ಜಾರಿ ಬಿದ್ದಿದ್ದು, ಆಮೇಲೆ ಸದ್ದು ಶುರುವಾಗಿದ್ದರೆ ಆ ಒಂದು ಸಲವೂ ಬೇಡ.

ಒಳಗೆ ನಡೆಯುತ್ತಿರುವುದು ಹೀಗೆ. ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಓದುವ ತಲೆ ತೇಲುತ್ತಿರುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್, ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಪಾಲು ಮಾಡಿದರೆ ಒಂದು ಪಾಲು. ಆ ತಲೆ ತನ್ನ ದಾರಿ ಸಿಗದೆ ಹಿಂದಕ್ಕೆ ಬಂದು ಮತ್ತೆ ಹೊರಡುವಾಗ ಬರುವ ಸದ್ದು ಅದು. ತಲೆ ಮುರಿದಿದ್ದರೆ ಪ್ರತಿ ಸುತ್ತಿಗೂ ತಟ್ಟೆಯನ್ನು ಕೆರೆಯುತ್ತಿರುತ್ತದೆ. ನೀವು ಇನ್ನೊಮ್ಮೆ ನೋಡೋಣ ಎಂದು ಆನ್ ಮಾಡಿದಷ್ಟೂ ಕೆರೆತ.

ನಮ್ಮ ಅಪ್ಪ ಹೋಗುವ ಹಿಂದಿನ ವರ್ಷ ಮನೆಯಲ್ಲಿ ನಡೆದ ನಾಮಕರಣದ ವಿಡಿಯೋ ನನ್ನ ಡಿಸ್ಕಿನಲ್ಲಿತ್ತು. ಅವರು ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದು ಅದರಲ್ಲಿ ಮಾತ್ರ ಇತ್ತು. ಡಿಸ್ಕ್ ಟಕ್ ಎನ್ನಲು ಶುರು ಮಾಡಿದಾಗ ಇನ್ನೂ ಫೋಲ್ಡರುಗಳು ಕಾಣುತ್ತಿದ್ದವು. ನಾನು ರಿಪೇರಿ ಆಗಲಿ ಎಂದು ರಾತ್ರಿಯಿಡೀ ಚೆಕ್ ಡಿಸ್ಕ್ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಡಿಸ್ಕ್ ತಿರುಗುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಚೆಕ್ ಡಿಸ್ಕ್ ಕಡತಗಳ ಪಟ್ಟಿಯನ್ನು ತಿದ್ದುವ ಸಾಧನ. ಸಾಯುತ್ತಿರುವ ಡಿಸ್ಕನ್ನು ಅದು ಇಡೀ ರಾತ್ರಿ ಓಡಿಸಿ ಸುಸ್ತು ಮಾಡುತ್ತದೆ. ಅವತ್ತು ಆ ವಿಡಿಯೋ ಒಂದನ್ನೇ ಮೊದಲು ಎಳೆದುಕೊಂಡಿದ್ದರೆ ಸಿಗುತ್ತಿತ್ತು.

ಫ್ರೀಜರಿನಲ್ಲಿ ಇಡಿ, ತಟ್ಟಿ ನೋಡಿ, ಮುಚ್ಚಳ ಬಿಚ್ಚಿ ಎಂಬ ಸಲಹೆಗಳು ಬರುತ್ತವೆ. ಫ್ರೀಜರಿನಿಂದ ಹೊರಗೆ ತೆಗೆದ ಕೂಡಲೇ ತಟ್ಟೆ ಮೇಲೆ ನೀರಹನಿ ಕೂರುತ್ತದೆ. ಮುಚ್ಚಳ ಬಿಚ್ಚಿದರೆ ನಮ್ಮ ಕೋಣೆಯ ಧೂಳಿನ ಒಂದು ಕಣವೇ ಆ ತಲೆಗೆ ಬಂಡೆ. ಅದೇ ಮಾಡಲ್‌ನ ಇನ್ನೊಂದು ಡಿಸ್ಕಿನ ಬೋರ್ಡ್ ಹಾಕಿದರೆ ಸಾಕು ಎಂಬುದೂ ಈಗ ನಡೆಯುವುದಿಲ್ಲ. ಪ್ರತಿ ಡಿಸ್ಕಿನ ಅಳತೆಗಳು ಅದರ ಬೋರ್ಡಿನ ಒಂದು ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸಬೇಕು.

ಅಂಗಡಿಗೆ ಹೋಗುವಾಗ

ಕೇಬಲ್, ಕನ್ವರ್ಟರ್, ಪವರ್ ಅಡಾಪ್ಟರುಗಳಿಗೆ ಮೈಸೂರಿನ ದೇವರಾಜ ಅರಸು ರಸ್ತೆ ಕಡೆಗೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಹೋದರೆ ಸಾಕು. ಹಳೆಯ ಕೇಬಲ್ಲು, ಸಾಧ್ಯವಾದರೆ ಡಿಸ್ಕನ್ನೂ ಒಯ್ಯಿರಿ, ಅಲ್ಲೇ ಹಾಕಿ ನೋಡಿ ಕೊಳ್ಳಿ. ಆದರೆ ಸದ್ದು ಮಾಡುವ, ಬಿದ್ದ, ನೀರು ಕುಡಿದ, ಸುಟ್ಟ ವಾಸನೆ ಬಂದ ಡಿಸ್ಕನ್ನು ‘ಹಾಕಿ ನೋಡ್ತೀನಿ ಕೊಡಿ’ ಎನ್ನುವವರ ಕೈಗೆ ಕೊಡಬೇಡಿ. ಅದು ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿಯವರ ಕೆಲಸ. ಖರ್ಚು ಜಾಸ್ತಿ. ಕೊಡುವ ಮೊದಲು ಮೂರು ಮಾತು ಕೇಳಿ: ಬರೀ ನೋಡಲು ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು, ಡಿಸ್ಕನ್ನು ಎಲ್ಲಿ ಬಿಚ್ಚುತ್ತೀರಿ. ಉತ್ತರ ಬರೆದು ಕೊಡಲು ಹೇಳಿ. ಏನೇನು ಆಯಿತು, ನೀವು ಏನೇನು ಮಾಡಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.

ವಾರಂಟಿ ಇದೆ ಎಂದು ಕಂಪನಿಗೆ ಕಳಿಸುವವರಿಗೆ: ವಾರಂಟಿ ಡಿಸ್ಕ್‌ಗೆ, ಒಳಗಿರುವುದಕ್ಕೆ ಅಲ್ಲ. ಬದಲಿಗೆ ಬೇರೆ ಡಿಸ್ಕ್ ಬರುತ್ತದೆ, ನಿಮ್ಮದು ಮರಳಿ ಬರುವುದಿಲ್ಲ.

ಡಿಸ್ಕ್ ತೆರೆದುಕೊಂಡಿತು ಎಂದರೆ ಆ ಖುಷಿಯಲ್ಲಿ ಇಡೀ ಡಿಸ್ಕನ್ನು ಒಟ್ಟಿಗೆ ಎಳೆಯಬೇಡಿ. ಬೇರೆಲ್ಲೂ ಸಿಗದ್ದು ಮೊದಲು, ಸಿನಿಮಾ, ಹಾಡು ಕೊನೆಗೆ. ಒಂದು ಫೋಲ್ಡರಿನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಮುಗಿದ ಮೇಲೆ ಎಜೆಕ್ಟ್ ಮಾಡಿಯೇ ತೆಗೆಯಿರಿ. 2018ರ ಕೊನೆಯಿಂದ ಬಂದ ವಿಂಡೋಸ್ 10ರಲ್ಲಿ ಹಾಗೇ ಕಿತ್ತರೂ ನಡೆಯುವಂತೆ ಮಾಡಿದ್ದಾರೆ, ನಿಜ. ಆದರೆ ಯಾವುದೋ ಸಾಫ್ಟ್‌ವೇರ್ ಹಿಂದೆ ಇನ್ನೂ ಬರೆಯುತ್ತಿದೆಯೋ ಇಲ್ಲವೋ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಡಿಸ್ಕ್ ಕೈಗೆತ್ತಿಕೊಳ್ಳುವ ಮೊದಲು ನಡುಕ ನಿಲ್ಲುವವರೆಗೆ ಕಾಯಿರಿ, ಹತ್ತು ಸೆಕೆಂಡು ಸಾಕು.

ಅವತ್ತು ಮಂಡ್ಯದಲ್ಲಿ ಕಾಪಿ ಮುಗಿದಾಗ ಸಂಜೆ ಏಳಾಗಿತ್ತು. ಭಾವ ಹೊಸದಾಗಿ ತಂದ ಎರಡನೇ ಡಿಸ್ಕ್ ಮೇಲೆ ಬಿಳಿ ಟೇಪ್ ಅಂಟಿಸಿ ತಾರೀಖು ಬರೆದರು. ಆಮೇಲೆ ಅದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿ, “ಇದು ನಿಮ್ಮ ಮನೇಲೇ ಇರ್ಲಿ ಕಣಪ್ಪ” ಎಂದರು. ಮೂರು ತಿಂಗಳಿಗೊಮ್ಮೆ ಅವರು ಮೈಸೂರಿಗೆ ಬಂದಾಗ ನಮ್ಮ ಸರಸ್ವತಿಪುರಂ ಮನೆಯ ಬೀರುವಿನಿಂದ ಅದನ್ನು ತೆಗೆದು, ಹೊಸ ಫೋಟೊ ಸೇರಿಸಿ, ಟೇಪ್ ಮೇಲಿನ ತಾರೀಖು ತಿದ್ದಿ ಹೋಗುತ್ತಾರೆ.